ತಾರೀಖು ದಾಟಿದ ಬಾದಾಮಿ ಎಣ್ಣೆ

ಜನವರಿ ೧೮, ಭಾನುವಾರ. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕುಳಿತೆ.

ಸಿಂಧನೂರಿನ ನಮ್ಮ ಮನೆಯ ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ ಒಂದು ಗಾಜಿನ ಬಾಟಲಿ ಬಿಸಿಲಿಗಿದೆ. ಅದರಲ್ಲಿರುವುದು ಬಾದಾಮಿ ಎಣ್ಣೆ. ಕೊಂಡಾಗ ಒಳ್ಳೆಯ ಎಣ್ಣೆಯೇ. ಅದು ಹಳತಾಗಲಿ ಎಂದು ನವೆಂಬರಿನಿಂದ ಕಾಯುತ್ತಿದ್ದೇನೆ. ಅಕ್ಕನ ಮಗಳು ತನ್ನ ಅಪ್ಪನ ಜೊತೆ ಬೂಟು ಕೊಳ್ಳಲು ಪೇಟೆಗೆ ಹೋಗಿದ್ದಾಳೆ. ಐದು ಗಂಟೆಗೆ ಬರುತ್ತಾರೆ. ಬಂದ ಮೇಲೆ ಬಾಟಲಿಯ ಮುಚ್ಚಳ ತೆಗೆಯುವುದೆಂದು ಅವಳೂ ನಾನೂ ಮಾತಾಡಿಕೊಂಡಿದ್ದೇವೆ. ಅಷ್ಟರೊಳಗೆ ಇದನ್ನು ಬರೆಯಬೇಕು.

ನಾನು ಇಲ್ಲಿನ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಪ್ರತಿ ತಿಂಗಳ ಇಪ್ಪತ್ತೈದಕ್ಕೆ ಕಪಾಟುಗಳನ್ನೆಲ್ಲ ನೋಡಿ, ತಾರೀಖು ಮುಗಿಯಲು ಬಂದ ಮಾಲನ್ನು ಬೇರೆ ತೆಗೆದು ರಟ್ಟಿನ ಡಬ್ಬಕ್ಕೆ ಹಾಕುವುದು ನನ್ನ ಪಾಲಿನ ಕೆಲಸ. ಕಳೆದ ತಿಂಗಳು ನಲವತ್ತೊಂದು ಸ್ಟ್ರಿಪ್ ಗುಳಿಗೆ, ಆರು ಬಾಟಲಿ ಸಿರಪ್ಪು, ಮೂರು ಟ್ಯೂಬ್ ಮುಲಾಮು ತೆಗೆದೆ. ಕೈ ಈ ಕೆಲಸಕ್ಕೆ ಎಷ್ಟು ಒಗ್ಗಿದೆಯೆಂದರೆ, ಯಾರ ಮನೆಗೆ ಹೋದರೂ ಡಬ್ಬಿ ತಿರುಗಿಸಿ ತಳ ನೋಡುತ್ತೇನೆ. ಅದಕ್ಕೇ ಅಕ್ಕ ನನ್ನನ್ನು 'ತಾರೀಖವ್ವ' ಎಂದು ಕರೆಯುತ್ತಿದ್ದಳು.

ಅಕ್ಕ ಇದ್ದದ್ದು ಮಸ್ಕಿಯಲ್ಲಿ. ಅವಳ ಗಂಡ ಸರ್ಕಾರಿ ಬಸ್ಸಿನ ಕಂಡಕ್ಟರ್. ಸಿಂಧನೂರು, ಮಸ್ಕಿ, ಲಿಂಗಸುಗೂರು, ಇದೇ ರಸ್ತೆಯ ಮೇಲೆ ದಿನವಿಡೀ ಓಡಾಡುವವರು. ನಾನು ಅವರನ್ನು ಮಾಮಾ ಎನ್ನುತ್ತೇನೆ. ಮದುವೆಯಾದ ಮೇಲೆ ಅಕ್ಕ ಹೆಣ್ಣುಮಕ್ಕಳಿಗಾಗಿ ನಡೆದ ಒಂದು ತರಬೇತಿಗೆ ಹೋಗಿ ಮುಖಕ್ಕೆ ಹಚ್ಚುವ ಕ್ರೀಮು, ತುಟಿಯ ಮೇಣ, ಸಾಬೂನು ಮಾಡುವುದನ್ನು ಕಲಿತಿದ್ದಳು. ಮನೆಯ ಹಿಂದಿನ ತಗಡಿನ ಕೋಣೆಯೇ ಅವಳ ಕಾರ್ಖಾನೆ. ಒಂದು ಗ್ಯಾಸ್ ಒಲೆ, ಎರಡು ಸ್ಟೀಲಿನ ಬೋಗುಣಿ, ಒಂದು ಸಣ್ಣ ತಕ್ಕಡಿ. ಓಣಿಯ ಹೆಂಗಸರು ಬಂದು ಕೊಳ್ಳುತ್ತಿದ್ದರು. ಲಿಂಗಸುಗೂರಿನ ಒಂದು ಬಳೆ ಅಂಗಡಿಯಲ್ಲೂ ಅವಳ ಡಬ್ಬಿಗಳನ್ನು ಇಟ್ಟುಕೊಳ್ಳುತ್ತಿದ್ದರು.

ಅವಳ ಕ್ರೀಮಿನಲ್ಲಿ ನೀರಿರಲಿಲ್ಲ. ಜೇನುಮೇಣ ಕರಗಿಸಿ, ಅದಕ್ಕೆ ಬಾದಾಮಿ ಎಣ್ಣೆ, ಶಿಯಾ ಎನ್ನುವ ಬೆಣ್ಣೆಯಂಥ ಗಟ್ಟಿ ಕೊಬ್ಬು, ಒಲೆಯಿಂದ ಇಳಿಸಿದ ಮೇಲೆ ನಾಲ್ಕು ಹನಿ ಅತ್ತರ್. ಅತ್ತರನ್ನು ಲಿಂಗಸುಗೂರಿನ ಸಂತೆಗೆ ಬರುತ್ತಿದ್ದ ಒಬ್ಬ ಮುದುಕರ ಹತ್ತಿರ ಕೊಳ್ಳುತ್ತಿದ್ದಳು. ಅವರು ಬಾಟಲಿಗೆ ಚೀಟಿ ಅಂಟಿಸುತ್ತಿರಲಿಲ್ಲ, ಕುತ್ತಿಗೆಗೆ ಒಂದೊಂದು ಬಣ್ಣದ ದಾರ ಕಟ್ಟುತ್ತಿದ್ದರು. ಅಕ್ಕನ ಬಾಟಲಿಯದು ಹಸಿರು ದಾರ.

ಉಳಿದ ಸಾಮಾನು ಕೊರಿಯರ್‌ನಲ್ಲಿ ಬರುತ್ತಿತ್ತು. ಸಣ್ಣ ಪ್ಯಾಕು ಸಿಗದು, ದೊಡ್ಡದನ್ನೇ ತರಿಸಬೇಕು. ಅಷ್ಟು ಎಣ್ಣೆ ಖರ್ಚಾಗುವಷ್ಟು ಗಿರಾಕಿ ಅವಳಿಗಿರಲಿಲ್ಲ. ಮಸ್ಕಿಯ ಬೇಸಿಗೆಯಲ್ಲಿ ತಗಡಿನ ಕೆಳಗೆ ಎಣ್ಣೆ ಎಷ್ಟು ದಿನ ತಡೆದೀತು? ಬಾಟಲಿ ಅರ್ಧವಾಗುವಷ್ಟರಲ್ಲಿ ತಾರೀಖು ದಾಟುತ್ತಿತ್ತು. ಅದಕ್ಕೆ ಅವಳದೊಂದು ಕಟ್ಟಳೆ ಇತ್ತು. ತಿಂಗಳ ಮೊದಲನೇ ದಿನ ಕಪಾಟು ನೋಡುವಳು. ತಾರೀಖು ದಾಟಿದ ಬಾಟಲಿ, ದಾಟಿದ ಮೇಣದ ಚೀಲ, ಎಲ್ಲ ಮಂಚದ ಕೆಳಗಿನ ತಗಡಿನ ಟ್ರಂಕಿಗೆ. ಟ್ರಂಕಿನೊಳಗೆ ಹೋದದ್ದು ಮತ್ತೆ ಮಾರಾಟದ ಕ್ರೀಮಿಗೆ ಬರುವಂತಿಲ್ಲ. ಮಗಳ ಡಬ್ಬಿಗೂ ಬರುವಂತಿಲ್ಲ. ಅದು ಅವಳೊಬ್ಬಳದು. ಗಿರಾಕಿಗೆ ಹೊಸದು, ಮಗಳಿಗೆ ಹೊಸದು, ತನಗೆ ಟ್ರಂಕಿನದು.

ಇದರ ಮೇಲೆ ನಮ್ಮಿಬ್ಬರ ಜಗಳ ಪ್ರತಿ ಸಲವೂ ಇದ್ದದ್ದೇ.

"ಅಕ್ಕಾ, ಇದು ಮುಗದು ಎಂಟ್ ತಿಂಗಳಾತು. ಚೆಲ್ಲು."

"ಯಾರಿಗ್ ಮುಗದೈತಿ? ನಾ ಏನ್ ಕುಡ್ಯಾಕತ್ತೀನೇನು? ಹಚ್ಕೊಳ್ಳಾಕತ್ತೀನಿ."

"ಮೈಯಾಗ ಗುಳ್ಳಿ ಎದ್ರ?"

"ಎದ್ರ ನಿಮ್ಮ ಅಂಗಡಿಗೆ ಒಂದ್ ಗಿರಾಕಿ ಆತಲ್ಲ. ಮುಲಾಮು ಕೊಡಾಕಿ ನೀನ. ಅದರ ತಾರೀಖಾರ ಸರಿ ನೋಡಿ ಕೊಡು ಮತ್ತ, ತಾರೀಖವ್ವ."

ಬಾಗಿಲ ಹತ್ತಿರ ಕುಳಿತು ಟಿಕೆಟ್ ಮಷೀನು ಒರೆಸುತ್ತಿದ್ದ ಮಾಮಾ ನಡುವೆ ಬಾಯಿ ಹಾಕಿದರು. "ನಿಮ್ಮಕ್ಕ ನನ್ನನ್ನೂ ಆ ಟ್ರಂಕಿನ್ಯಾಗ ಹಾಕಬೇಕಂತ ನೋಡ್ಯಾಳ. ನಂದೂ ತಾರೀಖ್ ದಾಟೇತಿ ಅಂತಾಳ."

"ಹಿಡಸಂಗಿಲ್ಲ ಅಂತ ಬಿಟ್ಟೀನಿ," ಎಂದಳು ಅಕ್ಕ.

ಹೋದ ವರ್ಷದ ಹಿಂದಿನ ವರ್ಷ, ಶ್ರಾವಣದಲ್ಲಿ, ಅಕ್ಕನಿಗೆ ಜ್ವರ ಬಂತು. ಡೆಂಗಿ. ಮಸ್ಕಿಯಿಂದ ಲಿಂಗಸುಗೂರು, ಅಲ್ಲಿಂದ ರಾಯಚೂರು. ವಾರ ತುಂಬಲಿಲ್ಲ. ಮಗಳಿಗೆ ಆಗ ನಾಲ್ಕೂವರೆ ವರ್ಷ. ಮಣ್ಣು ಮಾಡಿ ಬಂದ ಮೇಲೆ ನಮ್ಮಲ್ಲಿ ಮನೆಯ ಬಟ್ಟೆ ಹಾಸಿಗೆಯನ್ನೆಲ್ಲ ತೊಳೆಯುವ ರೂಢಿ. ಹೆಂಗಸರು ಸೇರಿ ಅಕ್ಕನ ಸೀರೆ, ಕುಪ್ಪಸ, ದಿಂಬಿನ ಹೊದಿಕೆ, ಹೊದ್ದುಕೊಳ್ಳುತ್ತಿದ್ದ ಕೌದಿ, ಒಂದನ್ನೂ ಬಿಡದೆ ಸೋಪಿನ ಪುಡಿ ಹಾಕಿ ತೊಳೆದು ಹರವಿದರು. ಆಗ ಯಾರಿಗೂ ಅದರಲ್ಲಿ ಏನೂ ಅನಿಸಲಿಲ್ಲ.

ನಮ್ಮವ್ವ ಒಂದು ಪ್ರಶ್ನೆಯನ್ನು ಮಾತ್ರ ಬಿಡಲಿಲ್ಲ. "ಆ ಹಳೇ ಎಣ್ಣಿ ಹಚ್ಕೋತಿದ್ಲಲ್ಲ, ಅದರಿಂದೇನರ ಆತೇನ?" ಇಲ್ಲ ಎಂದು ಡಾಕ್ಟರು ಹೇಳಿದರು, ಇಲ್ಲ ಎಂದು ನಾನೂ ಹೇಳಿದೆ. ಅದು ಸೊಳ್ಳೆಯಿಂದ ಬಂದ ಜ್ವರ, ಎಣ್ಣೆಗೂ ಅದಕ್ಕೂ ಸಂಬಂಧವಿಲ್ಲ. ಅವ್ವ ಹೂಂ ಎನ್ನುವಳು. ಮರುದಿನ ಮತ್ತೆ ಕೇಳುವಳು.

ಮಾಮಾ ಡ್ಯೂಟಿಗೆ ಹೋದರೆ ಮಸ್ಕಿಯ ಮನೆಯಲ್ಲಿ ಮಗುವನ್ನು ನೋಡುವವರಿಲ್ಲ. ಅದಕ್ಕೆ ಅವಳು ಸಿಂಧನೂರಿಗೆ ನಮ್ಮ ಹತ್ತಿರ ಬಂದಳು. ಇಲ್ಲೇ ಶಾಲೆಗೆ ಹಾಕಿದೆವು. ಊಟ ಮಾಡುವಳು, ಆಡುವಳು, ನನ್ನ ಪಕ್ಕದಲ್ಲೇ ಮಲಗುವಳು. ಮೊದಲ ಕೆಲವು ತಿಂಗಳು ಅಷ್ಟಾಗಿ ಅಳಲೂ ಇಲ್ಲ.

ಒಂದು ದಿನ ಅಕ್ಕನ ಫೋಟೋದ ಮುಂದೆ ನಿಂತು ಕೇಳಿದಳು: "ಚಿಗವ್ವಾ, ಅವ್ವನ ಮಾರಿ ಇಲ್ಲೈತಿ. ವಾಸನಿ ಎಲ್ಲೈತಿ?"

ಅವಳು ಮೂಸಿ ನೋಡುವುದನ್ನು ನಾನು ಗಮನಿಸಿದ್ದು ಆಮೇಲೆ. ಅಕ್ಕನ ಸೀರೆಗಳನ್ನಿಟ್ಟ ಗಂಟು ಬಿಚ್ಚಿ ಒಂದೊಂದನ್ನೇ ಮೂಗಿಗೆ ಹಿಡಿಯುವಳು, ಮಡಚಲು ಬರದೆ ಹಾಗೇ ತುರುಕುವಳು. ಬಸ್ಸಿನಲ್ಲಿ ಪಕ್ಕ ಕುಳಿತ ಹೆಂಗಸಿನ ಸೆರಗನ್ನು ಮೂಸುವಳು. ಬೈದರೆ ಸುಮ್ಮನೆ ಕಿಟಕಿ ಕಡೆ ತಿರುಗುವಳು.

ಹೋದ ವರ್ಷ ಫೆಬ್ರವರಿ ೯, ಸಂಜೆ. ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ನಾನು ಪರ್ಸು ತೆಗೆಯಲು ಅವಳ ಕೈ ಬಿಟ್ಟೆ. ತಿರುಗಿ ನೋಡಿದರೆ ಇಲ್ಲ. ಎಲ್ಲ ಬಸ್ಸುಗಳ ಮುಂದೆ ಓಡಿದೆ. ಬಳಗಾನೂರಿನ ಬಸ್ಸಿನ ಬಾಗಿಲ ಬಳಿ, ಗದ್ದೆ ಕೆಲಸ ಮುಗಿಸಿ ಊರಿಗೆ ಹೊರಟಿದ್ದ ಒಬ್ಬ ಹೆಂಗಸಿನ ಸೆರಗು ಹಿಡಿದು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದಳು.

"ಯಾರ್ ಕೂಸ್ರೀ ಇದು?" ಆ ಹೆಂಗಸು ಎಲ್ಲರಿಗೂ ಕೇಳಿಸುವಂತೆ ಕೂಗುತ್ತಿದ್ದಳು. "ಸೆರಗ ಬಿಡವಲ್ದು! ನನಗ ಮೂರ್ ಅದಾವ, ನಾಕನೇದು ಬ್ಯಾಡವ್ವಾ ನಮ್ಮವ್ವ."

ಬಸ್ಸಿನೊಳಗಿನವರು ನಕ್ಕರು. ನಾನು ಮಗುವನ್ನು ಎತ್ತಿಕೊಂಡೆ. ಆ ಹೆಂಗಸಿನ ತಲೆಗೂದಲಿನಿಂದ ಹಳೆಯ ಶೇಂಗಾ ಎಣ್ಣೆಯ ಕಮಟು ವಾಸನೆ ಬರುತ್ತಿತ್ತು. ಅದನ್ನು ಅವತ್ತು ಡೈರಿಯಲ್ಲಿ ಬರೆದಿದ್ದೇನೆ. ಬರೆದೆ, ಆದರೆ ಅರ್ಥ ಮಾಡಿಕೊಳ್ಳಲಿಲ್ಲ.

ಮಾರ್ಚಿನಲ್ಲಿ ಮತ್ತೊಮ್ಮೆ ಹಾಗೇ ಆಯಿತು, ಈ ಸಲ ತರಕಾರಿ ಮಾರ್ಕೆಟ್ಟಿನಲ್ಲಿ. ಸಿಕ್ಕಳು. ಆದರೆ ಮೂರನೇ ಸಲ ಸಿಗದಿದ್ದರೆ? ಬಸ್ಸು ಹೊರಟುಬಿಟ್ಟಿದ್ದರೆ? ಮಾಮಾ ದಿನವೂ ಬಸ್ಸಿನೊಳಗೇ ಇರುವವರು, ಎಂತೆಂಥ ಮಕ್ಕಳು ಎಲ್ಲೆಲ್ಲಿ ತಪ್ಪಿಸಿಕೊಳ್ಳುತ್ತಾರೆಂದು ಕಂಡವರು. ಆ ದಿನ ಅವರು ಚಹಾ ಕುಡಿಯಲಿಲ್ಲ. "ಆಕಿಗೆ ಏನ್ ಬೇಕು ಅದನ್ನ ಕೊಟ್ಟುಬಿಡೂಣು," ಎಂದರು. "ಎಲ್ಲಿಂದ ತರೂದು ಹೇಳು."

ನನಗೆ ಗೊತ್ತಿದೆ ಅಂದುಕೊಂಡೆ. ಅಕ್ಕನ ಕ್ರೀಮು ಮಾಡಲು ನನಗೆ ಬರುತ್ತಿತ್ತು. ರಜೆಯಲ್ಲಿ ಅವಳ ಜೊತೆ ಕುಳಿತು ತೂಕ ಮಾಡಿಕೊಟ್ಟವಳು ನಾನೇ. ಮಸ್ಕಿಯ ಮನೆಯಿಂದ ತಕ್ಕಡಿ, ಬೋಗುಣಿ, ಹಸಿರು ದಾರದ ಬಾಟಲಿ ತಂದೆ. ಬಾಟಲಿಯಲ್ಲಿ ಅರ್ಧಕ್ಕಿಂತ ಕಡಿಮೆ ಅತ್ತರ್ ಇತ್ತು. ಜೇನುಮೇಣ, ಬಾದಾಮಿ ಎಣ್ಣೆ, ಶಿಯಾ, ಎಲ್ಲ ಹೊಸದನ್ನು ತರಿಸಿದೆ. ಮೂರರ ತಾರೀಖೂ ನೋಡಿಕೊಂಡೆ. ಏಪ್ರಿಲ್ ೧೩ರಂದು ಮಾಡಿದ ಕ್ರೀಮು ನೋಡಲು ಅಕ್ಕನದರಂತೆಯೇ ಇತ್ತು, ಬೆರಳಿಗೆ ಹಾಗೇ ಹತ್ತುತ್ತಿತ್ತು. ಮಗುವಿನ ಮುಂದೆ ಡಬ್ಬಿ ಹಿಡಿದೆ.

ಮೂಸಿದಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಇದು ನಂದು," ಎಂದಳು. "ಅವ್ವಂದಲ್ಲ."

ಅತ್ತರ್ ಕಡಿಮೆಯಾಯಿತೇನೋ ಎಂದು ಮುಂದಿನ ವಾರ ಐದು ಹನಿ ಹಾಕಿದೆ. ಆಮೇಲೆ ಮೇಣ ಹೆಚ್ಚು ಮಾಡಿದೆ. ಒಟ್ಟು ನಾಲ್ಕು ಸಲ. ನಾಲ್ಕು ಸಲವೂ ಅದೇ ಮಾತು. "ಇದೂ ನಂದ ಐತಿ ಚಿಗವ್ವ." ನಾಲ್ಕನೆಯ ಸಲ ಅವಳೇ ನನ್ನನ್ನು ಸಮಾಧಾನ ಮಾಡುವ ಹಾಗೆ ನನ್ನ ಮೊಣಕೈ ಸವರಿದಳು.

ಜೂನ್ ೧, ಭಾನುವಾರ. ಮಾಮಾ ಮಸ್ಕಿಯ ಮನೆಯ ಹಿಂದಿನ ಕೋಣೆಯನ್ನು ತೆರವು ಮಾಡುತ್ತಿದ್ದರು. ತಗಡಿನ ಟ್ರಂಕನ್ನು ಬಸ್ಸಿನಲ್ಲಿ ಹಾಕಿಕೊಂಡು ಬಂದು ನಮ್ಮ ಪಡಸಾಲೆಯಲ್ಲಿ ಇಳಿಸಿದರು. "ಇದರಾಗಿಂದು ಎಲ್ಲಾ ತಾರೀಖ್ ದಾಟಿದ್ದು. ಹೆಂಗ್ ಚೆಲ್ಲಬೇಕು ನಿನಗ ಗೊತ್ತಿರತೈತಿ," ಎಂದು ಡ್ಯೂಟಿಗೆ ಹೋದರು. ಮಧ್ಯಾಹ್ನ ನಾನು ಹಳೆಯ ಪೇಪರು ಹಾಸಿಕೊಂಡು ಕುಳಿತು ಕೊಂಡಿ ತೆಗೆದೆ, ಮುಚ್ಚಳ ಎತ್ತಿದೆ.

ಮಗು ಒಳಗೆ ಬಳಪ ಹಿಡಿದು ಗೆರೆ ಎಳೆಯುತ್ತಿದ್ದಳು. ಬಳಪ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ಓಡಿ ಬಂದಳು. ಬಂದವಳು ಟ್ರಂಕಿನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ನನ್ನ ಹೆಗಲ ಮೇಲಿಂದ ಬೀದಿ ಬಾಗಿಲ ಕಡೆ ನೋಡುತ್ತ ನಿಂತಳು.

"ಅವ್ವ ಬಂದಾಳೇನು?"

ನಾನು ತಿರುಗಿ ನೋಡಿದೆ. ನನಗೂ ತಿರುಗಿ ನೋಡಬೇಕೆನಿಸಿತು. ಬಾಗಿಲು ತೆರೆದಿತ್ತು, ಹೊಸ್ತಿಲ ಮೇಲೆ ಬಿಸಿಲಿತ್ತು, ಬೇರೇನೂ ಇರಲಿಲ್ಲ. ಆದರೆ ಅಕ್ಕ ಈಗಷ್ಟೇ ಚಪ್ಪಲಿ ಬಿಟ್ಟು ಒಳಗೆ ಬಂದಂತಿತ್ತು. ಹಳೆಯ ಶೇಂಗಾ ಚೀಲದ ಬಾಯಿ ಬಿಚ್ಚಿದರೆ ಬರುವಂಥ ವಾಸನೆ, ಅದರ ಜೊತೆ ಮೇಣ, ಅದರ ಅಡಿಯಲ್ಲಿ ಎಲ್ಲೋ ಅತ್ತರ್. ಅವಳು ಬಾಗಿ ಬಡಿಸುವಾಗ, ನನ್ನ ತಲೆ ಹಿಕ್ಕುವಾಗ, ಬಸ್ಸು ಹತ್ತಿಸಿ ಕಿಟಕಿಯಲ್ಲಿ ಮುಖ ಇಡುವಾಗ ಬರುತ್ತಿದ್ದ ವಾಸನೆ. ನಾನು ಅದನ್ನು ಬರೀ ಅತ್ತರ್ ಎಂದೇ ತಿಳಿದಿದ್ದೆ.

ಮಗುವಿಗೆ ಹೊಸ ಎಣ್ಣೆಯ ಕ್ರೀಮು ಹಚ್ಚುತ್ತಿದ್ದಳು. ಅದಕ್ಕೇ ಅದು 'ನಂದು'. ತಾನು ಹಚ್ಚಿಕೊಳ್ಳುತ್ತಿದ್ದದ್ದು ತಾರೀಖು ದಾಟಿದ್ದು. ಮಗುವಿಗೆ ತಾಯಿ ಎಂದರೆ ಆ ಕಮಟು ಹತ್ತಿದ ಎಣ್ಣೆ. ಬಳಗಾನೂರಿನ ಹೆಂಗಸಿನ ಕೂದಲಲ್ಲಿ ಅವಳಿಗೆ ಸಿಕ್ಕದ್ದು ಅದೇ.

ಟ್ರಂಕಿನಲ್ಲಿ ಎರಡು ಬಾಟಲಿ ಬಾದಾಮಿ ಎಣ್ಣೆ ಇತ್ತು. ಒಂದು ಪೂರ್ತಿ ಒಣಗಿ ತಳಕ್ಕೆ ಅಂಟಿತ್ತು. ಇನ್ನೊಂದರಲ್ಲಿ ಎರಡು ಬೆರಳಷ್ಟು ಉಳಿದಿತ್ತು, ತಾರೀಖು ದಾಟಿ ಎರಡು ವರ್ಷ ಮೀರಿತ್ತು. ಮೇಣದ ತುಂಡು, ಹಳದಿಗೆ ತಿರುಗಿದ ಶಿಯಾ, ಅವಳು ಹಚ್ಚಿ ಮುಗಿಸಿದ ಕ್ರೀಮಿನ ಒಂದು ಡಬ್ಬಿ, ಒಂದು ಬಾಟಲಿ ಗುಲಾಬಿ ನೀರು. ಗುಲಾಬಿ ನೀರಿನಲ್ಲಿ ಕಪ್ಪು ಎಳೆ ತೇಲುತ್ತಿದ್ದವು, ಅದನ್ನು ಕೂಡಲೇ ಚೆಲ್ಲಿದೆ. ಉಳಿದದ್ದನ್ನು ಚೆಲ್ಲಲಿಲ್ಲ. ಎಣ್ಣೆ ಕಮಟಾದರೆ ಮೈಗೆ ಉರಿ, ತುರಿಕೆ ತರಬಹುದು ಎಂದು ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುವವಳು ನಾನು. ಮಗುವಿನ ಚರ್ಮಕ್ಕೆ ಅದರ ಒಂದು ಹನಿಯನ್ನೂ ಮುಟ್ಟಿಸಬಾರದೆಂದು ಅಲ್ಲೇ ನಿರ್ಧರಿಸಿದೆ. ಹಳೆಯ ಎಣ್ಣೆ, ಹಳೆಯ ಮೇಣ, ನಾಲ್ಕು ಹನಿ ಅತ್ತರ್ ಸೇರಿಸಿ ಒಂದು ಸಣ್ಣ ಡಬ್ಬಿ ಕ್ರೀಮು ಮಾಡಿದೆ. ಮೂಸಲು ಮಾತ್ರ.

ಆದರೆ ಮಗು ಕೇಳಿದ್ದು ಮೂಸಲು ಅಲ್ಲ.

"ನೀ ಹಚ್ಕೋ," ಎಂದಳು.

"ಬ್ಯಾಡ ಬಂಗಾರ, ಅದು ಕೆಟ್ಟೈತಿ."

"ಅವ್ವ ಹಚ್ಕೋತಿದ್ಲಲ್ಲ. ಇಲ್ಲಿ ಹಚ್ಕೋ. ಕುತ್ತಿಗಿಗೆ. ಇನ್ನೊಂಚೂರು."

ಹಚ್ಚಿಕೊಂಡೆ. ಅವಳ ಮೈಗೆ ತಾಗದಂತೆ ಮೇಲೊಂದು ಬಟ್ಟೆ ಹೊದ್ದುಕೊಂಡೆ. ನನ್ನ ತೊಡೆಯ ಮೇಲೆ ಹತ್ತಿ ಕುಳಿತು ಕುತ್ತಿಗೆಯಲ್ಲಿ ಮುಖ ಹುದುಗಿಸಿದಳು. ಕಣ್ಣು ಮುಚ್ಚಿಕೊಂಡೇ ಇದ್ದಳು. ತೆರೆದರೆ ನಾನು ಕಾಣುತ್ತೇನೆಂದು ಅವಳಿಗೆ ಗೊತ್ತಿತ್ತು.

"ಅವ್ವಾ," ಎಂದಳು.

"ಹ್ಞೂಂ," ಎಂದೆ. ಹಾಗೆ ಹ್ಞೂಂ ಎನ್ನುವವಳು ನಾನಲ್ಲ. ಅದು ಅಕ್ಕನ ಎಳೆತ, ಕೊನೆಗೆ ಸ್ವಲ್ಪ ಏರುವ ದನಿ. ಅದು ನನ್ನ ಬಾಯಿಯಿಂದ ಹೇಗೆ ಬಂತೋ ಗೊತ್ತಿಲ್ಲ. ಸಂಜೆಯ ಬಿಸಿಲು ಇನ್ನೂ ಇತ್ತು. ನಾನು ಅಲುಗಾಡಲಿಲ್ಲ. ಅಲುಗಾಡಿದರೆ ಅಕ್ಕ, ನಾನು ಇಬ್ಬರಲ್ಲಿ ಯಾರು ಎದ್ದು ಹೋಗುತ್ತಾರೋ ಎಂಬಂತೆ ಕುಳಿತಿದ್ದೆ.

ಆಗ ಮಾಮಾ ಬಂದರು. ಹೆಗಲಿಗೆ ಕಂಡಕ್ಟರ್ ಚೀಲ, ಬಾಗಿಲಲ್ಲಿ ಒಂದು ಕಾಲು ಒಳಗೆ. ಹೊರಗಿನ ಬೆಳಕಿನಿಂದ ಬಂದವರಿಗೆ ಒಳಗೆ ನಮ್ಮ ಮುಖ ಕಂಡಿರಲಿಕ್ಕಿಲ್ಲ.

"ಯಾವಾಗ ಬಂದಿ?" ಎಂದು ಕೇಳಿದರು.

ನಾನು ಇರುವುದೇ ಈ ಮನೆಯಲ್ಲಿ. ಯಾವಾಗ ಬಂದಿ ಎಂದು ಅವರು ನನ್ನನ್ನು ಕೇಳುವುದಿಲ್ಲ. ಕೇಳಿದ ಮೇಲೆ ಅವರಿಗೂ ಗೊತ್ತಾಯಿತು. ಚೀಲವನ್ನು ಇಳಿಸಲಿಲ್ಲ. ಹೊಸ್ತಿಲ ಮೇಲೆ ನಿಂತೇ, "ಅದನ್ನ ಹಚ್ಕೋಬ್ಯಾಡ," ಎಂದು ಮೆಲ್ಲಗೆ ಹೇಳಿ ಹೋಗಿಬಿಟ್ಟರು.

ಅಡುಗೆ ಮನೆಯಿಂದ ಅವ್ವ ಬಂದು ನನ್ನನ್ನು ನೋಡಿದಳು. ಅವಳಿಗೂ ವಾಸನೆ ಮುಟ್ಟಿತ್ತು, ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. "ಕೂಸಿನ ಮುಂದ ಸತ್ತಾಕಿನ್ನ ಕರೀಬ್ಯಾಡ ನೀ. ಬಂದ್ರ ಆಕಿ ಹೆಂಗ್ ಹೋಗ್ತಾಳ?"

ಎದುರು ಮನೆಯ ದೊಡ್ಡವ್ವ ಮರುದಿನ ಅದನ್ನು ಬೇರೆ ಥರ ಹೇಳಿದಳು. ಹೆಂಡತಿ ಸತ್ತರೆ ಅವಳ ತಂಗಿಯನ್ನೇ ಕೊಡುವುದು ನಮ್ಮ ಕಡೆ ಹೊಸದಲ್ಲ, ಮಾತು ಆಗಲೇ ಓಣಿಯಲ್ಲಿ ಶುರುವಾಗಿತ್ತು. "ಅಕ್ಕನ ವಾಸನಿ ಹಚ್ಕೊಂಡಾತು," ಎಂದು ನಕ್ಕಳು. "ಇನ್ನ ಅಕ್ಕನ ತಾಳಿ ಒಂದ್ ಉಳದೈತಿ ನೋಡವಾ."

"ದೊಡ್ಡವ್ವ, ನೀ ಹೋಗಿ ನಿನ್ನ ಬಿ.ಪಿ. ಗುಳಿಗಿ ತಗೋ," ಎಂದೆ. ಅವಳು ಇನ್ನೂ ನಕ್ಕಳು. ನನಗೆ ಉರಿಯುತ್ತಿತ್ತು, ಮಾತಿನಿಂದಲೂ ಉರಿಯುತ್ತಿತ್ತು, ಎಣ್ಣೆಯಿಂದಲೂ ಉರಿಯುತ್ತಿತ್ತು. ಕುತ್ತಿಗೆಯ ಎಡಕ್ಕೆ, ಮಗು ಮುಖವಿಟ್ಟ ಜಾಗದಲ್ಲೇ, ಕೆಂಪು ಗುಳ್ಳೆ ಎದ್ದಿದ್ದವು. ಅಂಗಡಿಯಿಂದ ಮುಲಾಮು ತಂದೆ. ತಾರೀಖು ಸರಿ ನೋಡಿಯೇ ತಂದೆ. ಆಗ ಯಾರೋ ಹಿಂದಿನಿಂದ ನಕ್ಕಂತಾಯಿತು.

ಗುಳ್ಳೆಗಳನ್ನು ಮಗುವಿಗೆ ತೋರಿಸಿದೆ. ಬೆರಳಿನಿಂದ ಮುಟ್ಟಿ ನೋಡಿದಳು. "ಅವ್ವಗ ಎದ್ದಿದ್ದಿಲ್ಲ," ಎಂದಳು. "ಇಲ್ಲ. ಅದು ಅವ್ವನ ಮೈಗೆ ಹೊಂದಿತ್ತು. ನನಗ ಹೊಂದಂಗಿಲ್ಲ," ಎಂದೆ. ಇದಕ್ಕಿಂತ ನಿಜವಾದ ಮಾತು ನನಗೆ ಹೊಳೆಯಲಿಲ್ಲ. ಅವಳು ಒಪ್ಪಿದಳು. ನಾನು ಅವ್ವನಾಗಲಾರೆ ಎಂಬುದನ್ನು ಆ ಗುಳ್ಳೆಗಳು ಅವಳಿಗೆ ಹೇಳಿದಷ್ಟು ಸುಲಭವಾಗಿ ನಮ್ಮಲ್ಲಿ ಯಾರಿಂದಲೂ ಹೇಳಲಾಗುತ್ತಿರಲಿಲ್ಲ.

ಅಕ್ಕನ ನೀಲಿ ಸೀರೆಯ ಅಂಚು ಕತ್ತರಿಸಿ, ಅದಕ್ಕೆ ಆ ಕ್ರೀಮು ಸವರಿ, ಸ್ಟೀಲಿನ ಡಬ್ಬಿಯಲ್ಲಿಟ್ಟು ಬಿಗಿಯಾಗಿ ಮುಚ್ಚಿ ಮಗುವಿನ ಕೈಗೆ ಕೊಟ್ಟೆ. ಕೈ ಹಾಕುವಂತಿಲ್ಲ, ಮೈಗೆ ಮುಟ್ಟಿಸುವಂತಿಲ್ಲ. ದಿನಕ್ಕೊಮ್ಮೆ, ಶಾಲೆಗೆ ಹೋಗುವ ಮುಂಚೆ, ಅವಳೇ ಮುಚ್ಚಳ ತೆಗೆಯಬೇಕು, ಅವಳೇ ಮುಚ್ಚಬೇಕು. ಮೊದಮೊದಲು ಬಾಗಿಲ ಕಡೆ ನೋಡುತ್ತಿದ್ದಳು. ಆಮೇಲೆ ಡಬ್ಬಿಯೊಳಗೇ ನೋಡತೊಡಗಿದಳು. "ಅವ್ವಾ, ಇವತ್ತ ಡ್ರಿಲ್ ಐತಿ," ಎಂದು ಅದಕ್ಕೆ ಹೇಳಿ, ಮುಚ್ಚಳ ಹಾಕಿ, ಚೀಲ ಹೆಗಲಿಗೇರಿಸುವಳು. ಅವ್ವ ಆ ಹೊತ್ತಿಗೆ ಹಿತ್ತಿಲಿಗೆ ಹೋಗಿಬಿಡುವಳು. ನಾನು ನಿಂತು ನೋಡುತ್ತಿದ್ದೆ. ಆ ಒಂದೆರಡು ನಿಮಿಷ ಮನೆಯಲ್ಲಿ ಒಬ್ಬರು ಹೆಚ್ಚಿಗೆ ಇರುತ್ತಿದ್ದರು.

ಆಮೇಲೆ ಅವಳು ಯಾರ ಹಿಂದೆಯೂ ಹೋಗಲಿಲ್ಲ. ಜುಲೈನಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಬಳಗಾನೂರಿನ ಆ ಹೆಂಗಸೇ ಸಿಕ್ಕಳು. ಮಗು ನನ್ನ ಕೈ ಬಿಡದೆ ಅವಳ ಮುಂದೆ ನಿಂತು, "ನೀ ನಮ್ಮವ್ವ ಅಲ್ಲ. ಆದ್ರ ವಾಸನಿ ಹಂಗ ಬರತೈತಿ," ಎಂದಳು.

"ಅಯ್ಯ ನನ ಮಗಳ! ಅದು ಎಣ್ಣಿ ವಾಸನಿ ಬೇ," ಎಂದು ಆಕೆ ಮಗುವಿನ ಗಲ್ಲ ಹಿಂಡಿದಳು.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಎಣ್ಣೆ ತಾರೀಖಿಗೂ ನಿಲ್ಲುವುದಿಲ್ಲ, ತಾರೀಖು ದಾಟಿದ ಮೇಲೂ ನಿಲ್ಲುವುದಿಲ್ಲ. ಅಕ್ಟೋಬರ್ ೨೦ರಂದು ಮಗು ಮುಚ್ಚಳ ತೆಗೆದು ಎರಡೆರಡು ಸಲ ಮೂಸಿದಳು. ಆಮೇಲೆ, "ಅವ್ವ ಸ್ವಲ್ಪ ಬ್ಯಾರೆ ಆಗ್ಯಾಳ," ಎಂದಳು. ನಾನು ಮೂಸಿದೆ. ಎಣ್ಣೆ ಇನ್ನಷ್ಟು ಕಮಟಾಗಿ, ಮೂಗಿಗೆ ಚುಚ್ಚುವಂತಾಗಿತ್ತು. ಅದರ ಹಿಂದೆ ಅಕ್ಕ ಇದ್ದಳು, ಆದರೆ ಹುಡುಕಬೇಕಿತ್ತು. ಆ ತಿಂಗಳ ಕೊನೆಗೆ ಮಗು ಡಬ್ಬಿ ತೆರೆಯುವುದನ್ನೇ ಬಿಟ್ಟಳು. "ತಗದ್ರ ಇನ್ನಾ ಬ್ಯಾರೆ ಆಗ್ತಾಳ." ನವೆಂಬರಿನ ಮೊದಲ ವಾರ ಮಾರ್ಕೆಟ್ಟಿನಲ್ಲಿ ಅವಳ ಕೈ ನನ್ನ ಕೈಯೊಳಗೆ ಒಮ್ಮೆ ಸಡಿಲವಾಯಿತು. ಅವಳು ಗಾಳಿಯಲ್ಲಿ ಮೂಗೆತ್ತಿ ಏನನ್ನೋ ಹುಡುಕುತ್ತಿದ್ದಳು.

ಅದಕ್ಕೇ ಮಾಳಿಗೆಯ ಮೇಲಿನ ಬಾಟಲಿ. ನವೆಂಬರ್ ೯ರಂದು ಹೊಸ ಬಾದಾಮಿ ಎಣ್ಣೆ ತಂದು, ಮುಚ್ಚಳ ಸಡಿಲ ಮಾಡಿ ಬಿಸಿಲಿಗಿಟ್ಟೆ. ಅಂಗಡಿಯಲ್ಲಿ ತಾರೀಖು ದಾಟಿದ ಮಾಲು ತೆಗೆದು ಹಾಕಿ ಮನೆಗೆ ಬರುತ್ತೇನೆ, ಬಂದು ಮಾಳಿಗೆ ಹತ್ತಿ ಒಳ್ಳೆಯ ಎಣ್ಣೆ ಇನ್ನೂ ಕೆಟ್ಟಿಲ್ಲವೇ ಎಂದು ನೋಡುತ್ತೇನೆ. ಅಕ್ಕನ ತಗಡಿನ ಕೋಣೆಯ ಎಷ್ಟು ಬೇಸಿಗೆ ನನ್ನ ಮಾಳಿಗೆಯ ಎಷ್ಟು ವಾರಕ್ಕೆ ಸಮ ಎಂದು ನನಗೆ ಗೊತ್ತಿಲ್ಲ. ಡಿಸೆಂಬರ್ ೧೪ರಂದು ಒಮ್ಮೆ ತೋರಿಸಿದೆ. "ನಂದ ಐತಿ," ಎಂದಳು.

ಐದೂ ಮುಕ್ಕಾಲು. ಅವರು ಬಂದರು, ಬಾಟಲಿ ತೆರೆದದ್ದೂ ಆಯಿತು, ಅದನ್ನೂ ಬರೆದು ಮುಗಿಸುತ್ತೇನೆ.

ಮಗು ಹೊಸ ಬೂಟಿನಲ್ಲೇ ಮಾಳಿಗೆ ಹತ್ತಿದಳು. ಮಾಮಾ ಮೆಟ್ಟಿಲ ತುದಿಯಲ್ಲಿ ನಿಂತರು, ಹತ್ತಿರ ಬರಲಿಲ್ಲ. ಸ್ವಲ್ಪ ಎಣ್ಣೆಯನ್ನು ಮೇಣದ ಚೂರಿನ ಜೊತೆ ಬೆಚ್ಚಗೆ ಮಾಡಿ, ಒಂದೇ ಒಂದು ಹನಿ ಅತ್ತರ್ ಹಾಕಿದೆ. ಬಟ್ಟೆಯ ಚೂರಿಗೆ ಸವರಿ ಕೊಟ್ಟೆ. ಮಗು ಕಣ್ಣು ಮುಚ್ಚಿ ಮೂಸಿದಳು. ಒಮ್ಮೆ, ಮತ್ತೊಮ್ಮೆ. ಈ ಸಲ ಅವಳ ಮುಖ ಸುಮ್ಮನಿರಲಿಲ್ಲ.

"ಹತ್ರ ಬಂದಾಳ," ಎಂದಳು. "ಇನ್ನಾ ಮನಿ ಒಳಗ ಬಂದಿಲ್ಲ."

ಮಾಮಾ ಟ್ಯಾಂಕಿನ ಕಡೆ ಮುಖ ಮಾಡಿ, "ಇನ್ನ ಎಷ್ಟ್ ದಿನ ಬೇಕಾಗತೈತಿ?" ಎಂದು ಕೇಳಿದರು.

"ಗೊತ್ತಿಲ್ಲ ಮಾಮಾ."

ಬಾಟಲಿಯನ್ನು ಮತ್ತೆ ಅದೇ ಜಾಗಕ್ಕಿಟ್ಟೆ. ಮಗು ಅದರ ಪಕ್ಕ ಕುಳಿತಿದ್ದಾಳೆ, ಕೆಳಗೆ ಬಾ ಎಂದರೆ ಬರುತ್ತಿಲ್ಲ. ಯಾರೋ ಬರುವವರಿದ್ದಾರೆಂದು ಕಾಯುವವರ ಹಾಗೆ ಕಾಲು ಚಾಚಿ ಕುಳಿತಿದ್ದಾಳೆ. ಹಸಿರು ದಾರದ ಬಾಟಲಿಯಲ್ಲಿ ಉಗುರಿನಷ್ಟು ಅತ್ತರ್ ಉಳಿದಿದೆ. ಎಣ್ಣೆ ಸರಿಯಾದ ಹಳತಿಗೆ ಬರುವ ಹೊತ್ತಿಗೆ ಅದು ಮುಗಿದಿದ್ದರೆ, ಬಂದವಳು ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ.

ಲಿಂಗಸುಗೂರಿನ ಸಂತೆಯಲ್ಲಿ ಎರಡು ತಿಂಗಳಿಂದ ಕೇಳುತ್ತಿದ್ದೇನೆ. ಬಾಟಲಿಯ ಕುತ್ತಿಗೆಗೆ ದಾರ ಕಟ್ಟುತ್ತಿದ್ದ ಮುದುಕರು ಈಗ ಬರುತ್ತಿಲ್ಲ. ಮುದಗಲ್ ಕಡೆಯವರು ಎಂದು ಒಬ್ಬರು, ಅಲ್ಲ ಗುರುಗುಂಟಾದವರು ಎಂದು ಇನ್ನೊಬ್ಬರು ಹೇಳುತ್ತಾರೆ. ಅವರನ್ನು ಬಲ್ಲವರಿದ್ದರೆ, ಹಸಿರು ದಾರ ಯಾವ ಅತ್ತರಿನದು ಎಂದು ತಿಳಿದವರಿದ್ದರೆ, ದಯವಿಟ್ಟು ಬರೆಯಿರಿ. ಬಾದಾಮಿ ಎಣ್ಣೆಯನ್ನು ಒಂದು ಹಳತಿಗೆ ತಂದು, ಅಲ್ಲಿಂದ ಮುಂದೆ ಹೋಗದಂತೆ ಹಿಡಿದಿಡುವ ಉಪಾಯ ಗೊತ್ತಿದ್ದವರೂ ಬರೆಯಿರಿ. ನೀವು ಇದನ್ನು ಓದುತ್ತಿರುವ ಪತ್ರಿಕೆಯವರಿಗೆ ಉತ್ತರ ಕಳಿಸಿದರೆ ನನಗೆ ಮುಟ್ಟುತ್ತದೆ. ಬೇಸಿಗೆ ಬರುವ ಮುಂಚೆ ಬರೆದರೆ ಒಳ್ಳೆಯದು. ಬಿಸಿಲು ಏರಿದರೆ ಎಣ್ಣೆ ಬೇಗ ಆ ಹಳತನ್ನು ದಾಟಿ ಓಡುತ್ತದೆ.